ತಾತ, ಅವ್ವ ಮತ್ತು ವಾತ್ತಿಯಾರರ ಸಮಾಧಿ

ನಾನು ದಿಂಡಿಗಲ್ಲಿನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಾಗ ನಮ್ಮ ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ಒಂದು ಸ್ಮಾರಕ ಕಟ್ಟಿದರು. ಅರವತ್ತರ ದಶಕದ ನಡುವಿನ ವರ್ಷಗಳು. ಹಂಚು ಹೊದಿಸಿದ ಒಂದು ಹಜಾರ, ಅದರ ಮುಂದೆ ಮೊಣಕಾಲೆತ್ತರದ ಕಪ್ಪು ಕಲ್ಲಿನ ಸಮಾಧಿ, ಸುತ್ತ ಆಗಷ್ಟೇ ನೆಟ್ಟ ಬೇವಿನ ಗಿಡಗಳು, ಅಷ್ಟೇ. ಆ ಬೀದಿಯ ತುಂಬ ಚರ್ಮ ಹದ ಮಾಡುವ ಕೊಟ್ಟಿಗೆಗಳಿದ್ದುದರಿಂದ ನಾವು ಹುಡುಗಿಯರು ಸೆರಗನ್ನು ಮೂಗಿಗೆ ಒತ್ತಿಕೊಂಡು ಅದರ ಮುಂದೆ ಬೇಗಬೇಗ ನಡೆದುಬಿಡುತ್ತಿದ್ದೆವು. ಒಂದು ಭಾನುವಾರ ಮಾತ್ರ ಬಾಗಿಲು ತೆರೆದಿದ್ದನ್ನು ಕಂಡು ನಾನು ಒಳಗೆ ಹೋದೆ. ಗೋಡೆಯ ಮೇಲೆ ಒಬ್ಬರ ದೊಡ್ಡ ಚಿತ್ರ. ತೆಳ್ಳನೆಯ ಮುಖ, ಕಿವಿಯ ಹತ್ತಿರ ನರೆ, ಹೆಗಲ ಮೇಲೆ ಮಡಿಸಿದ ಟವೆಲು. ಚೇರಿಯ, ಅಂದರೆ ಊರಾಚೆಯ ದಲಿತ ಕೇರಿಯ, ಮಕ್ಕಳಿಗೆ ಶಾಲೆ ನಡೆಸಿದವರು, ಎಲ್ಲರೂ ಎಲ್ಲ ಬೀದಿಯಲ್ಲೂ ಚಪ್ಪಲಿ ಹಾಕಿಕೊಂಡು ನಡೆಯಬಹುದು, ಎಲ್ಲ ಬಾವಿಯಲ್ಲೂ ನೀರು ಸೇದಬಹುದು ಎಂದು ಊರೂರು ತಿರುಗಿ ಜನರನ್ನು ಎಬ್ಬಿಸಿದವರು, ಅದಕ್ಕಾಗಿ ಜೈಲು ಕಂಡವರು ಎಂದು ಚಿತ್ರದ ಕೆಳಗೆ ಬರೆದಿತ್ತು. ಜನ ಅವರನ್ನು ವಾತ್ತಿಯಾರ್, ಅಂದರೆ ಮೇಷ್ಟ್ರು, ಎಂದೇ ಕರೆಯುತ್ತಿದ್ದರಂತೆ.

ಆ ಸಲ ರಜೆಗೆ ಊರಿಗೆ ಹೋದಾಗ ರಾತ್ರಿ ಊಟಕ್ಕೆ ಕೂತಿದ್ದಾಗ ಇದನ್ನು ಸುಮ್ಮನೆ ಹೇಳಿದೆ. ನಮ್ಮದು ಕಾಮಯಗೌಂಡನ್‌ಪಟ್ಟಿ, ಕಂಬಂ ಕಣಿವೆಯ ಊರು. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ತಲೆಮಾರುಗಳಿಂದ ಹಾಗೆಯೇ. ಮನೆಯಲ್ಲಿ ತಾತ, ಅಜ್ಜಿ, ಅಪ್ಪ, ಅಮ್ಮ. ಅಜ್ಜಿಯನ್ನು ನಾವೆಲ್ಲ ಅವ್ವ ಎನ್ನುತ್ತಿದ್ದೆವು.

"ವಾತ್ತಿಯಾರ್ ಅಂತ ಒಬ್ಬರು ಇದ್ದರಂತೆ ತಾತ, ನಮ್ಮ ಕಣಿವೆಗೂ ಬಂದಿದ್ದರಂತೆ, ಅಲ್ಲಿ ಬರೆದದೆ" ಎಂದೆ.

ಸಾರು ಬಡಿಸುತ್ತಿದ್ದ ಅವ್ವನ ಸೌಟು ನಿಂತಿತು. ತಾತ ತಟ್ಟೆಯಲ್ಲಿ ಅನ್ನ ಇದ್ದ ಹಾಗೆಯೇ ಕೈ ತೊಳೆಯಲು ಎದ್ದುಹೋದರು. ಅಪ್ಪ ನನ್ನ ಮುಖ ನೋಡಲಿಲ್ಲ. ಏನು ತಪ್ಪಾಯಿತೆಂದು ನನಗೆ ತಿಳಿಯಲಿಲ್ಲ.

ಮರುದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅಮ್ಮ ಹೇಳಿದಳು. ಅವಳು ಸೊಸೆಯಾಗಿ ಬರುವ ಮುಂಚಿನ ಸಂಗತಿ. ಅವಳಿಗೂ ಅವರಿವರಿಂದ ಕೇಳಿ ಗೊತ್ತು.

ತಾತ ಆಗ ಗಟ್ಟಿಮುಟ್ಟಾದ ಆಳು. ತೇನಿಯ ಸಂತೆಗೆ ಹೋಗಿದ್ದಾಗ ಅಲ್ಲಿ ವಾತ್ತಿಯಾರರ ಭಾಷಣ ಕೇಳಿದರಂತೆ. ಅದೇನು ಹಿಡಿಯಿತೋ, ಸಭೆ ಮುಗಿದ ಮೇಲೆ ಹತ್ತಿರ ಹೋಗಿ, ನಮ್ಮೂರಿಗೆ ಬಂದರೆ ನಮ್ಮ ಮನೆಯಲ್ಲೇ ಇಳಿದುಕೊಳ್ಳಬೇಕು ಎಂದು ಕರೆದುಬಿಟ್ಟರಂತೆ. ಚೇರಿಯಲ್ಲಿ ಹುಟ್ಟಿದವರನ್ನು ನಮ್ಮಂಥವರ ಮನೆಗೆ ಹಾಗೆ ಕರೆಯುವ ಕಾಲವಲ್ಲ ಅದು. ವಾತ್ತಿಯಾರ್ ನಿಜಕ್ಕೂ ಬಂದರು. ಮರುದಿನ ಬೆಳಿಗ್ಗೆ ಚೇರಿಯ ಜನರನ್ನೆಲ್ಲ ಕರೆದುಕೊಂಡು ಊರ ಬಾವಿಗೆ ಹೋಗಿ ನೀರು ಸೇದುವುದೆಂದು ಗೊತ್ತಾಗಿತ್ತು. ಅವತ್ತು ನಮ್ಮ ಜಗಲಿಯಲ್ಲಿ ಉಂಡು, ಅಲ್ಲೇ ಮಲಗಿದರು. ಬೆಳಿಗ್ಗೆ ಅವ್ವ ಗಂಜಿ ತೆಗೆದುಕೊಂಡು ಹೋದರೆ ಚಾಪೆ ಸುತ್ತಿ ಗೋಡೆಗೆ ಒರಗಿಸಿತ್ತು, ಮನುಷ್ಯ ಇರಲಿಲ್ಲ. ಬಿಸಿಲೇರುವುದರೊಳಗೆ ಸುದ್ದಿ ಬಂತು. ಕಾಲುವೆಯ ಸೇತುವೆಯ ಹತ್ತಿರ ಪೊಲೀಸರು ಅವರನ್ನು ಹಿಡಿದು ವ್ಯಾನು ಹತ್ತಿಸಿದರು.

"ಅಷ್ಟೆ ಕೂಸೇ" ಎಂದಳು ಅಮ್ಮ. "ಮನೆಗೆ ಕರೆದು, ಉಣ್ಣಾಕಿಕ್ಕಿ, ಹಿಡಿದು ಕೊಟ್ಬುಟ್ಟ ಅಂತ ಚೇರಿ ಜನ ಅಂದ್ರು. ನಿಮ್ಮ ತಾತ ಬಾಯೇ ಬಿಡ್ನಿಲ್ಲ."

ಆಗ ನನಗೆ ಎಷ್ಟೋ ಸಂಗತಿಗಳು ಬೇರೆಯಾಗಿ ಕಾಣತೊಡಗಿದವು. ನಮ್ಮ ದ್ರಾಕ್ಷಿ ತೋಟಕ್ಕೆ ಚೇರಿಯಿಂದ ಆಳುಗಳು ಬರುತ್ತಿದ್ದರು, ಕೆಲಸ ಅಚ್ಚುಕಟ್ಟಾಗಿ ಮಾಡುತ್ತಿದ್ದರು, ಆದರೆ ನಮ್ಮ ಮನೆಯ ಮಜ್ಜಿಗೆ ಮುಟ್ಟುತ್ತಿರಲಿಲ್ಲ. ಸುಡುವ ಬಿಸಿಲಲ್ಲೂ ತಮ್ಮ ತಮ್ಮ ಸೋರೆಬುರುಡೆಯ ನೀರನ್ನೇ ಕುಡಿಯುತ್ತಿದ್ದರು. ಅದು ಅವರ ಪದ್ಧತಿಯೆಂದು ನಾನು ತಿಳಿದಿದ್ದೆ. ಪಕ್ಕದ ತೋಟದಲ್ಲಿ ಅವರೇ ಕೇಳಿ ಕೇಳಿ ಮಜ್ಜಿಗೆ ಕುಡಿಯುವುದನ್ನು ನೋಡಿಯೂ ನನಗೆ ಹೊಳೆದಿರಲಿಲ್ಲ.

ಅಮ್ಮ ಇನ್ನೊಂದು ಮಾತು ಹೇಳಿದಳು, ಅದು ನನಗೆ ಹೆಚ್ಚು ನೋವು ಕೊಟ್ಟಿತು. ಬಾವಿಗೆ ಜನ ಬರುವುದು ತಪ್ಪಿತಲ್ಲ ಎಂದು ನಮ್ಮ ಕುಲದ ಯಜಮಾನರಿಗೆ ಆಗ ಬಲು ಸಂತೋಷವಾಗಿತ್ತಂತೆ. ಕೂಟದಲ್ಲಿ ತಾತನನ್ನು ಮುಂದೆ ಕೂರಿಸಿ, "ಬುದ್ಧಿವಂತ್ನಪ್ಪಾ ನೀನು, ಕೈ ಮುಂದೆ ಮಾಡದಂಗೇ ಕೆಲಸ ಮುಗಿಸ್ದೆ" ಎಂದು ಬೆನ್ನು ತಟ್ಟಿದರಂತೆ. ತಾತ ಎದ್ದು ಬಂದವರು ಮತ್ತೆ ಆ ಕೂಟಕ್ಕೆ ಹೋಗಲೇ ಇಲ್ಲ. ಬೈದವರಿಗೂ ಉತ್ತರ ಕೊಡಲಿಲ್ಲ, ಹೊಗಳಿದವರಿಗೂ ಕೊಡಲಿಲ್ಲ. ಸ್ವಾತಂತ್ರ್ಯ ಬಂದು, ಕಾನೂನು ಬಂದು, ಊರ ಬಾವಿಯೇನೋ ಎಲ್ಲರದ್ದೂ ಆಯಿತು. ನಮ್ಮ ಮನೆಯ ಮೇಲಿನ ಮಾತು ಮಾತ್ರ ಹಾಗೇ ಉಳಿಯಿತು.

"ನೀನೇನಂತೀಯ ಅಮ್ಮಾ? ತಾತ ಹಂಗೆ ಮಾಡಿದಾರಾ?"

ಅಮ್ಮ ಬೂದಿ ಕೈಯನ್ನೇ ನೋಡುತ್ತ, "ನಂಗೆ ಗೊತ್ತಿಲ್ಲ ಕಣ್ಣು. ನಿಮ್ಮವ್ವನ್ಗೂ ಗೊತ್ತಿಲ್ಲ ಅಂತ ನಾ ನೆನಸ್ಕಂಡಿದೀನಿ" ಎಂದಳು.

ರಜೆ ಮುಗಿಯಲು ಮೂರು ದಿನವಿದ್ದಾಗ ಅವ್ವ ನನ್ನ ಜಡೆ ಹಾಕುತ್ತ ಮೆಲ್ಲಗೆ, "ಆ ಸಮಾಧೀನ ನಾ ಒಂದ್ಸಲ ನೋಡ್ಬೇಕು. ಕರ್ಕಂಡೋತೀಯಾ?" ಎಂದಳು. ನಾನು ಹೂಂ ಎಂದೆ. ಹಜಾರದ ಕಂಬಕ್ಕೊರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ತಾತ ಅಲ್ಲಿಂದಲೇ, "ನಾನೂ ಬರ್ತೀನಿ" ಎಂದರು. ಅವ್ವನ ಬೆರಳು ನನ್ನ ಕೂದಲಲ್ಲೇ ನಿಂತಿತು. ಬೇಡ ಎನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಬನ್ನಿ ಎನ್ನಲೂ ಇಷ್ಟವಿರಲಿಲ್ಲ. ನನಗೋ ಹೆದರಿಕೆಯೇ ಹತ್ತಿತು. ಅಲ್ಲಿ ಯಾರಾದರೂ ಗುರುತು ಹಿಡಿದರೆ? ಊರು ಕೇಳಿದರೆ? ಅಷ್ಟು ಜನರ ಮುಂದೆ ಈ ಮುದುಕರಿಗೆ ಯಾರಾದರೂ ಏನಾದರೂ ಅಂದುಬಿಟ್ಟರೆ?

ಮರುದಿನ ಬೆಳಗಿನ ಬಸ್ಸಿಗೆ ಹೊರಟೆವು. ಕಂಬಂ ಪೇಟೆಯಿಂದ ತೇನಿಯವರೆಗೆ ಅವರಿಬ್ಬರೂ ಒಂದು ಮಾತೂ ಆಡಲಿಲ್ಲ. ಹಾಗೆ ನೋಡಿದರೆ ಅವರು ಮನೆಯಲ್ಲೂ ಹೆಚ್ಚು ಮಾತಾಡುವವರಲ್ಲ. ಊಟಕ್ಕೆ ಬನ್ನಿ, ಎತ್ತಿಗೆ ನೀರು ಆಯ್ತಾ, ಮಗ ಬಂದ್ನಾ, ಇಷ್ಟೇ. ನಾನು ಹುಟ್ಟಿದಾಗಿನಿಂದ ಅವರು ಜಗಳವಾಡಿದ್ದನ್ನು ನೋಡಿರಲಿಲ್ಲ. ಎಂಥ ಒಳ್ಳೆಯ ಜೋಡಿ ಎಂದು ಬಂದವರೆಲ್ಲ ಹೇಳುತ್ತಿದ್ದರು. ಅವತ್ತು ಬಸ್ಸಿನಲ್ಲಿ ಅವರ ನಡುವೆ ಕೂತು, ಇದು ಒಳ್ಳೆಯ ಜೋಡಿಯ ಮೌನವಲ್ಲ ಎಂದು ಮೊದಲ ಸಲ ನನಗೆ ಅನ್ನಿಸಿತು. ಪೆರಿಯಕುಳಂ ದಾಟುವಾಗ ಮಾವಿನ ತೋಪುಗಳು ಬಂದವು. ಅವ್ವ ಕಿಟಕಿಯಾಚೆ ನೋಡುತ್ತಲೇ ಇದ್ದಳು. ಮಡಿಲಲ್ಲಿ ಅವಳ ಕೈಗಳು ಒಂದನ್ನೊಂದು ಹಿಸುಕುತ್ತಿದ್ದವು.

ದಿಂಡಿಗಲ್ಲಿನಲ್ಲಿ ಇಳಿದಾಗ ಕಲ್ಲುಬೆಟ್ಟದ ಕೋಟೆಯ ಮೇಲೆ ಬಿಸಿಲು ಬಿದ್ದಿತ್ತು. ಜಟಕಾ ಮಾಡಿಕೊಂಡು ಆ ಬೀದಿಗೆ ಬಂದೆವು. ಚರ್ಮದ ವಾಸನೆಗೆ ನಾನು ಮಾಮೂಲಿನಂತೆ ಸೆರಗು ಎತ್ತಿದೆ. ಅವ್ವ ಎತ್ತಲಿಲ್ಲವೆಂದು ನೋಡಿ ಕೆಳಗಿಳಿಸಿದೆ.

ಸಮಾಧಿಯ ಬಳಿ ಒಬ್ಬ ವಯಸ್ಸಾದ ಹೆಂಗಸು ಕಲ್ಲು ತೊಳೆದು, ಬಟ್ಟೆಯಿಂದ ಒರೆಸುತ್ತಿದ್ದರು. ಬಿಳಿ ಸೀರೆ, ಕತ್ತರಿಸಿದ ಗಿಡ್ಡ ನರೆಗೂದಲು, ಮೈ ಸಣಕಲು. ಮುಖ ನೋಡಿದ ಕೂಡಲೇ ಒಳಗಿನ ಚಿತ್ರ ನೆನಪಾಯಿತು. ವಾತ್ತಿಯಾರರ ತಂಗಿ. ಅಣ್ಣನ ಶಾಲೆಯಲ್ಲೇ ಪಾಠ ಹೇಳಿದವರು, ಮದುವೆಯಾಗದೆ ಅಲ್ಲೇ ಉಳಿದವರು ಎಂದು ಹಾಸ್ಟೆಲಿನಲ್ಲಿ ಕೇಳಿದ್ದೆ.

"ವಾಂಗಮ್ಮಾ, ವಾಂಗಯ್ಯಾ" ಎಂದು ಅವರು ತಮಿಳಿನಲ್ಲಿ ಸ್ವಾಗತಿಸಿದರು. ಮುಂದೆ ಅವರಾಡಿದ ಮಾತೆಲ್ಲ ತಮಿಳೇ. ನನಗೆ ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವ್ವ ಬತ್ತಲಗುಂಡಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಕೊಂಡಿದ್ದ ಮಲ್ಲಿಗೆಯನ್ನು ಕಲ್ಲಿನ ಮೇಲಿಟ್ಟು ಕೈ ಮುಗಿದಳು. ತಾತ ಚಪ್ಪಲಿಯನ್ನು ಗೇಟಿನಾಚೆಯೇ ಬಿಟ್ಟು ಬಂದು ದೂರದಲ್ಲಿ ನಿಂತಿದ್ದರು. ಆ ತಾಯಿ ಅವರನ್ನು ನೋಡಿ, "ಚಪ್ಪಲಿ ಹಾಕಿಕೊಂಡೇ ಬನ್ನಿ ಅಯ್ಯಾ. ನಮ್ಮಣ್ಣ ಮೊದಲ ಸಲ ಜೈಲಿಗೆ ಹೋದದ್ದೇ ಚಪ್ಪಲಿಗಾಗಿ. ಇಲ್ಲಿ ಬಿಟ್ಟು ಬಂದರೆ ಅವರಿಗೆ ಕೋಪ ಬರುತ್ತದೆ" ಎಂದು ನಕ್ಕರು. ತಾತನಿಗೆ ನಗಲಾಗಲಿಲ್ಲ.

"ಯಾವ ಊರಿಂದ ಬಂದಿರಿ?"

ನಾನು ತೇನಿ ಕಡೆಯಿಂದ ಎಂದು ಹೇಳಿ ಮುಗಿಸಬೇಕೆಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ತಾತ ಮುಂದೆ ಬಂದು, "ಕಾಮಯಗೌಂಡನ್‌ಪಟ್ಟಿ" ಎಂದುಬಿಟ್ಟರು.

ಆ ತಾಯಿ ಕೈಯಲ್ಲಿದ್ದ ಬಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟರು. "ಅಲ್ಲಿ ಕನ್ನಡ ಮಾತಾಡುವವರ ಒಂದು ಮನೆ. ಬೀದಿಯ ಕಡೆಗೆ ಉದ್ದ ಜಗಲಿ. ಆ ಮನೆ ಗೊತ್ತೇ ನಿಮಗೆ?"

"ಅದು ನನ್ನ ಮನೆ" ಎಂದರು ತಾತ. ಆಮೇಲೆ, ಯಾರೂ ಕೇಳದಿದ್ದರೂ, "ಅವರನ್ನು ಕರೆದವನು ನಾನೇ" ಎಂದರು.

ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ಏಟು ಬೀಳುವುದನ್ನು ಕಾಯುವವಳ ಹಾಗೆ ಅವಳ ಭುಜ ಮೇಲೆದ್ದಿತ್ತು. ನಾನು ಅವಳ ಕೈ ಹಿಡಿದೆ.

ಆ ತಾಯಿ ಎದ್ದು ಬಂದು ಅವ್ವನ ಎದುರು ನಿಂತರು. "ಹಾಗಾದರೆ ಆ ರಾತ್ರಿ ಸಜ್ಜೆಯ ಅನ್ನಕ್ಕೆ ಉಪ್ಪು ಸಾಕಾ, ಉಪ್ಪು ಸಾಕಾ ಅಂತ ಕೇಳಿದ ಅಮ್ಮ ನೀವೇ?"

ಅವ್ವ ಕಣ್ಣು ತೆರೆದಳು.

"ನಾನು ಜೈಲಿಗೆ ನೋಡಲು ಹೋದಾಗಲೆಲ್ಲ ನಮ್ಮಣ್ಣ ಇದನ್ನು ಹೇಳಿ ಹೇಳಿ ನಕ್ಕಿದ್ದಾರೆ. ಆ ಜಾತಿಯ ಮನೆಯಲ್ಲಿ ನನಗೆ ಯಾರೂ ಎಲೆ ಹಾಕಿ ಬಡಿಸಿದವರಿಲ್ಲ, ಈಯಮ್ಮ ಉಪ್ಪಿನ ಚಿಂತೆ ಮಾಡುತ್ತಾಳೆ ಅಂತ. ಒಂದು ಸಲ ಹೋಗಿ ಅವರಿಗೆ ನಮಸ್ಕಾರ ಹೇಳಿ ಬಾ ಅಂದಿದ್ದರು. ಹೇಳದೆ ಬಂದುಬಿಟ್ಟೆ, ಬೇಜಾರು ಮಾಡಿಕೊಂಡಿರುತ್ತಾರೆ ಅಂದಿದ್ದರು. ನನಗೆ ಹೋಗಲಾಗಲಿಲ್ಲ. ಅವರು ಜೈಲಿಂದ ಬಂದದ್ದೇ ಕಾಯಿಲೆ ಹೊತ್ತುಕೊಂಡು. ಆಮೇಲೆ ಶಾಲೆ ನನ್ನ ತಲೆಯ ಮೇಲೆ ಬಂತು."

"ಹೇಳದೆ ಬಂದ್ರು ಅಂದ್ರೆ?" ತಾತ ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿ, ಮತ್ತೆ ತಮಿಳಿನಲ್ಲಿ ಕೇಳಿದರು.

ಹಜಾರದ ಮೆಟ್ಟಿಲ ಮೇಲೆ ನಮ್ಮನ್ನು ಕೂರಿಸಿ, ನೀರು ಕೊಟ್ಟು, ಆ ತಾಯಿ ಹೇಳಿದರು. ತೇನಿಯ ಸಭೆಯಿಂದಲೇ ಸಾದಾ ಬಟ್ಟೆಯ ಪೊಲೀಸರು ವಾತ್ತಿಯಾರರ ಹಿಂದೆ ಬಿದ್ದಿದ್ದರು. ಎಲ್ಲಿ ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ ಎಲ್ಲವೂ ಅವರಿಗೆ ಗೊತ್ತಿತ್ತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಗಾಗುವ ಮುಂಚೆ ಆ ಮನೆಗೇ ನುಗ್ಗಿ ಹಿಡಿಯುವುದೆಂದು ಅವರ ತೀರ್ಮಾನ. ಆ ಪೊಲೀಸರಲ್ಲಿ ಒಬ್ಬ ವಾತ್ತಿಯಾರರ ಬಳಿ ಅಕ್ಷರ ಕಲಿತವನು. ಸಂಜೆ ವಾತ್ತಿಯಾರ್ ಕಾಲುವೆಗೆ ಮುಖ ತೊಳೆಯಲು ಹೋದಾಗ ಅವನು ಬಂದು ಕಿವಿಯಲ್ಲಿ ಹೇಳಿ ಹೋದ.

"ತಪ್ಪಿಸಿಕೊಂಡು ಹೋಗಿ ಅಂತ ಅವನು ಹೇಳಿದ್ದು. ಅಣ್ಣ ಅದನ್ನು ಮಾಡಲಿಲ್ಲ. ತಪ್ಪಿಸಿಕೊಂಡರೆ ಚೇರಿಯ ಮನೆಮನೆಗೂ ನುಗ್ಗಿ ಹೊಡೆಯುತ್ತಾರೆ. ಅಲ್ಲೇ ಇದ್ದರೆ ನಿಮ್ಮ ಬಾಗಿಲು ಮುರಿಯುತ್ತಾರೆ, ನಿಮ್ಮನ್ನೂ ಎಳೆದುಕೊಂಡು ಹೋಗುತ್ತಾರೆ. ನಿಮ್ಮ ಕುಲದವರು ನಿಮ್ಮನ್ನು ಊರಿಂದಲೇ ಹೊರಗೆ ಹಾಕುತ್ತಾರೆ. ಅದಕ್ಕೆ ಬೆಳಗಿನ ಜಾವ ಎದ್ದು, ಚಾಪೆ ಸುತ್ತಿಟ್ಟು, ತಾವಾಗಿಯೇ ಸೇತುವೆಯ ಹತ್ತಿರ ಹೋಗಿ ನಿಂತರಂತೆ. ಪೊಲೀಸರಿಗೇ ಆಶ್ಚರ್ಯವಾಯಿತಂತೆ."

"ನಮ್ಮನ್ನ ಎಬ್ಬಿಸಿ ಹೇಳ್ಬೋದಿತ್ತಲ್ಲ" ಎಂದಳು ಅವ್ವ.

"ಹೇಳಿದ್ದರೆ ನೀವು ಬಿಡುತ್ತಿದ್ದಿರಾ?"

ತಾತ ತಲೆ ಅಲ್ಲಾಡಿಸುತ್ತ, "ಹೇಳಿ ಹೋಗ್ಬೇಕಿತ್ತಮ್ಮಾ. ಹೇಳಿ ಹೋಗ್ಬೇಕಿತ್ತು" ಎನ್ನುತ್ತಿದ್ದರು. ಅವರ ದನಿಯಲ್ಲಿ ಕೋಪವಿತ್ತು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಊರಲ್ಲಿ ನಮ್ಮ ಮನೆಯ ಬಗ್ಗೆ ಏನು ಮಾತು ಎದ್ದಿತು ಎಂಬುದನ್ನು ಅವರು ಆಗ ಹೇಳಿದರು. ನನ್ನ ತಿಳಿವಳಿಕೆಯಲ್ಲಿ ಅವರು ಬೇರೆಯವರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು. ಆ ತಾಯಿ ಕೇಳುತ್ತ ಕೇಳುತ್ತ ಬೆವತುಹೋದರು. ಅಣ್ಣನಿಗೆ ಇದು ತಿಳಿದಿರಲಿಲ್ಲ, ಖಂಡಿತ ತಿಳಿದಿರಲಿಲ್ಲ, ತಿಳಿದಿದ್ದರೆ ಕಾಯಿಲೆಯಲ್ಲೇ ಎದ್ದು ಬರುತ್ತಿದ್ದರು ಎಂದು ಮತ್ತೆ ಮತ್ತೆ ಹೇಳಿದರು. ಕೊನೆಗೆ ಅವ್ವನ ಕೈ ಹಿಡಿದು, "ನಾನು ಬರುತ್ತೇನೆ. ನಿಮ್ಮ ಊರಿಗೆ ಬಂದು ನಾನೇ ಹೇಳುತ್ತೇನೆ" ಎಂದರು.

ನನಗೆ ಹಾಸ್ಟೆಲಿಗೆ ಮರಳಲು ಇನ್ನೂ ಎರಡು ದಿನವಿತ್ತು. ಅವರಿಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಜೊತೆಗೆ ಹೊರಟೆ.

ಬತ್ತಲಗುಂಡಿನಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಕೊಡೈಕಾನಲ್ ಘಾಟಿಯಿಂದ ಇಳಿದ ಲಾರಿಗಳು, ಬೆಟ್ಟದ ಬಾಳೆ, ಪ್ಲಮ್ಮು ಮಾರುವವರು, ಹೂವಿನ ಬುಟ್ಟಿಗಳು. ಇನ್ನೊಂದು ಬಸ್ಸು ಬರುವವರೆಗೆ ಒಂದು ಕಾಫಿ ಕ್ಲಬ್ಬಿನ ಬೆಂಚಿನ ಮೇಲೆ ಕೂತೆವು. ಇಡ್ಲಿ ತಿಂದ ಮೇಲೆ ಕಾಫಿ ಬಂತು. ಅವ್ವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಾತನ ಕಡೆ ನೋಡದೆ ಹೇಳಿದಳು:

"ನಾ ನಿಮ್ಮನ್ನೇ ಸಂದೇಗಪಟ್ಟಿದ್ದೆ."

ಸಂದೇಗ ಎಂದರೆ ನಮ್ಮ ಮಾತಿನಲ್ಲಿ ಅನುಮಾನ.

"ಗೊತ್ತು ಪುಳ್ಳೆ" ಎಂದರು ತಾತ. ಮನೆಯಲ್ಲಿ ಯಾರೂ ಇಲ್ಲದಾಗ ಅವರು ಅವಳನ್ನು ಹಾಗೆ, ಹುಡುಗೀ ಎಂದು, ಕರೆಯುತ್ತಿದ್ದರೋ ಏನೋ, ನಾನಂತೂ ಕೇಳಿದ್ದು ಅಂದೇ. "ಆ ದಿನದಿಂದ ನೀ ನನ್ನ ಮೊಕ ನೋಡಿ ಬಡಿಸ್ನಿಲ್ಲ. ಗೊತ್ತಾಗಲ್ವಾ?"

"ಗೊತ್ತಿದ್ದೂ ನಾನಲ್ಲ ಅಂತ ಯಾಕೆ ಹೇಳ್ನಿಲ್ಲ?"

ತಾತ ಕಾಫಿ ಆರಿಸಿದರು. "ಹೇಳಿದ್ರೆ, ಮತ್ತೆ ಯಾರು ಅಂತ ಕೇಳ್ತಿದ್ದೆ. ನಿಮ್ಮಣ್ಣನೇ ಮಾಡಿರ್ಬೇಕು ಅಂತ ನಾ ನೆನಸ್ಕಂಡಿದ್ದೆ."

ಅವ್ವನ ಅಣ್ಣ ತೀರಿಹೋಗಿ ಆಗಲೇ ಬಹುಕಾಲವಾಗಿತ್ತು. ವಾತ್ತಿಯಾರ್ ಬಂದ ದಿನ ಮಧ್ಯಾಹ್ನ ಆ ಅಣ್ಣ ತಂಗಿಯ ಮನೆಗೆ ಬಂದಿದ್ದರಂತೆ. ಜಗಲಿಯಲ್ಲಿ ಕೂತವರು ಯಾರೆಂದು ತಿಳಿದು, ನೀರೂ ಕುಡಿಯದೆ, ಬೈದು ಹೊರಟುಹೋಗಿದ್ದರಂತೆ.

"ಅವನಾ!" ಅವ್ವ ತಾತನ ಕಡೆ ತಿರುಗಿದಳು. "ಅವನ್ಗೆ ಪೊಲೀಸು ಅಂದ್ರೆ ಕೈಕಾಲು ಬಿದ್ದೋತಿತ್ತು. ಠಾಣೆ ಇರೋ ಬೀದಿ ಬ್ಯಾಡ ಅಂತ ಸುತ್ತು ಹಾಕ್ಕಂಡು ಸಂತೆಗೋಗ್ತಿದ್ದ ಅವನು!"

"ಅದೆಲ್ಲ ನಂಗೇನು ಗೊತ್ತು? ನೀ ತವರಿನ ಮ್ಯಾಲೆ ಪ್ರಾಣ ಇಟ್ಟಿದ್ದೆ. ನನ್ನನ್ನ ಅಂದ್ಕಂಡ್ರೆ ಅಂದ್ಕಳ್ಲಿ, ತವರು ತಪ್ಪಬಾರ್ದು ಅಂತ ಸುಮ್ಕಾದೆ."

ಅವ್ವ ಲೋಟ ಕೆಳಗಿಟ್ಟಳು. ಇದ್ದಕ್ಕಿದ್ದಂತೆ ಅವಳ ದನಿ ಗಟ್ಟಿಯಾಯಿತು.

"ಆದ್ರೆ ಆ ಸಾಯಂಕಾಲ ನೀವು ಎಲ್ಲಿಗೋಗಿದ್ರಿ? ಎತ್ತು ನೋಡಾಕೋತೀನಿ ಅಂತ ಗಾಡಿ ಕಟ್ಕಂಡು ಕಂಬಂ ಪ್ಯಾಟೆಗೋದ್ರಿ. ಅವತ್ತು ಎತ್ತಿನ ಯಾಪಾರವೇ ಇರ್ನಿಲ್ಲ. ಮರುದಿವಸ ನಾ ಕೇಳಿ ತಿಳ್ಕಂಡೆ. ಅದಕ್ಕೇ ನಂಗೆ ಸಂದೇಗ ಬಂದಿದ್ದು. ಮನೇಲಿ ಅಂಥ ದೊಡ್ಡೋರ್ನ ಬಿಟ್ಟು ಎಲ್ಲಿಗೋಗಿದ್ರಿ?"

ತಾತ ನನ್ನ ಕಡೆ ನೋಡಿದರು. ರಸ್ತೆಯ ಕಡೆ ನೋಡಿದರು. ಆ ಕರಿಮುಖ ಕೆಂಪಾಗಬಹುದಾಗಿದ್ದರೆ ಆಗ ಆಗಿರುತ್ತಿತ್ತು.

"ನಾಟಕಕ್ಕೆ" ಎಂದರು.

"ಏನು?"

"ಕಂಬಂಗೆ ಮದುರೆ ನಾಟಕದೋರು ಬಂದಿದ್ರು. ಅವತ್ತೇ ಕಡೇ ದಿವಸ. ಹೆಣ್ಣು ಯಾಸ ಹಾಕೋನು ಬಲು ಚೆನ್ನಾಗಿ ಹಾಡ್ತಾನೆ ಅಂದ್ರು. ಒಂದು ಗಳಿಗೆ ಕೇಳಿ ಬಂದ್ಬುಡಾಣ ಅಂತ ಹೋದೆ."

ಅವ್ವ ಬಾಯಿ ಬಿಟ್ಟುಕೊಂಡು ನೋಡಿದಳು.

"ಎಂಗೆ ಹೇಳಾದು ಅದನ್ನ?" ತಾತ ಮೆಲುದನಿಯಲ್ಲಿ ಹೇಳಿದರು. "ಮನುಷ್ಯ ನನ್ನ ನಂಬಿ ಮನೆಗೆ ಬಂದ. ನಾ ನಾಟಕಕ್ಕೋದೆ. ಬೆಳಗಾದ್ರೆ ಅವ್ರಿಲ್ಲ. ನಾ ಜಗಲೀಲಿ ಅವ್ರ ಪಕ್ಕ ಮಲಗಿದ್ರೆ ಹಿಂಗಾಗ್ತಿತ್ತಾ ಅಂತ... ಹಿಡಿದು ಕೊಟ್ಟೆ ಅಂತ ಜನ ಅಂದಾಗ, ಅದೂ ಒಂದು ತರ ಸರಿ ಅಂತಾನೇ ಅನ್ನಿಸ್ತಿತ್ತು ನಂಗೆ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಬೆನ್ನು ನಗುವಿನಿಂದ ಕುಲುಕುತ್ತಿತ್ತು. ನಗು ಬರಬರುತ್ತ ಅಳುವಾಯಿತು, ಮತ್ತೆ ನಗುವಾಯಿತು. ಕ್ಲಬ್ಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಾತನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಅವರೂ ಗೊಗ್ಗರು ದನಿಯಲ್ಲಿ ನಗತೊಡಗಿದರು. ಅವರ ಒಡೆದ ಹಲ್ಲನ್ನು ಅಷ್ಟು ಸ್ಪಷ್ಟವಾಗಿ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಹಾಡಾದ್ರೂ ಚೆನ್ನಾಗಿ ಹಾಡಿದ್ನಾ?" ಅವ್ವ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಗಂಟಲು ಕಟ್ಕಂಡಿತ್ತು ಅವನ್ಗೆ. ಬರೇ ಕೆಮ್ಮು."

ಇನ್ನೊಂದು ಬಸ್ಸು ಬಂತು. ಜನ ತುಂಬಿತ್ತು. ನನಗೆ ಮುಂದೆ ಒಂದು ಜಾಗ, ಅವರಿಬ್ಬರಿಗೆ ಹಿಂದೆ ಸಿಕ್ಕಿತು. ದೇವದಾನಪಟ್ಟಿ ಬರುವಾಗ ಹಿಂತಿರುಗಿ ನೋಡಿದೆ. ಅವ್ವ ನಿದ್ದೆ ಹೋಗಿದ್ದಳು, ತಲೆ ತಾತನ ಭುಜದ ಮೇಲೆ. ತಾತ ಕದಲದೆ, ಯಾರಾದರೂ ನೋಡಿಯಾರೆಂದು ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದರು. ನಾನು ಬೇಗ ಮುಖ ತಿರುಗಿಸಿಕೊಂಡೆ. ಕಿಟಕಿಯ ಗಾಳಿಗೆ ನನಗೂ ಕಣ್ಣು ಎಳೆಯಿತು.

ವಾತ್ತಿಯಾರರ ತಂಗಿ ಮಾತಿನಂತೆ ಬಂದರು. ದ್ರಾಕ್ಷಿ ಕೊಯ್ಲು ಮುಗಿದಿತ್ತು. ನಾನು ಆ ಭಾನುವಾರಕ್ಕೆಂದೇ ರಜೆ ಕೇಳಿ ಊರಿಗೆ ಬಂದಿದ್ದೆ. ಅಪ್ಪ ಬಸ್ಸಿನ ಹತ್ತಿರ ಗಾಡಿ ತೆಗೆದುಕೊಂಡು ಹೋಗಿದ್ದರು, ಆ ತಾಯಿ ಗಾಡಿ ಹತ್ತದೆ ನೇರ ಚೇರಿಗೆ ನಡೆದುಹೋದರಂತೆ. ಮಧ್ಯಾಹ್ನದವರೆಗೂ ಅಲ್ಲೇ ಇದ್ದರು. ಅವ್ವ ಒಲೆಯ ಮೇಲೆ ಅನ್ನವಿಟ್ಟು, ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತಿದ್ದಳು. ತಾತ ಜಗಲಿಯ ಮೇಲೆ ಕೂತಿದ್ದರು, ಎಲೆ ಅಡಿಕೆಯನ್ನೂ ಮುಟ್ಟದೆ.

ಬಿಸಿಲು ವಾಲುವ ಹೊತ್ತಿಗೆ ಅವರು ಬಂದರು. ಹಿಂದೆ ಚೇರಿಯ ಏಳೆಂಟು ಜನ. ಮುಂದೆ ಕೋಲೂರಿಕೊಂಡು ಒಬ್ಬ ಮುದುಕರು. ವಾತ್ತಿಯಾರರ ಜೊತೆ ಮರುದಿನ ಬಾವಿಗೆ ಹೋಗಬೇಕೆಂದು ಕೊಡ ಸಿದ್ಧಮಾಡಿಕೊಂಡಿದ್ದವರಲ್ಲಿ ಅವರೂ ಒಬ್ಬರು. ಆಗ ಯುವಕರಾಗಿದ್ದವರು. ಅವರು ನಮ್ಮ ತೋಟಕ್ಕೆ ಕೆಲಸಕ್ಕೂ ಬಂದವರಲ್ಲ, ನಮ್ಮ ಬೀದಿಯನ್ನೂ ತುಳಿದವರಲ್ಲ. ಜಗಲಿಯ ಮುಂದೆ ನಿಂತು ತಾತನನ್ನು ಬಹಳ ಹೊತ್ತು ನೋಡಿದರು.

"ಯಾಕಯ್ಯಾ ಹೇಳಲಿಲ್ಲ ನೀನು?" ಎಂದು ತಮಿಳಿನಲ್ಲಿ ಒರಟಾಗಿ ಕೇಳಿದರು.

"ಹೇಳಿದ್ದರೆ ನಂಬುತ್ತಿದ್ದೆಯಾ?" ತಾತನೂ ಹಾಗೆಯೇ ಕೇಳಿದರು.

ಮುದುಕರು ಯೋಚಿಸಿದರು. ಸುಳ್ಳು ಹೇಳಲು ಅವರಿಗೆ ಮನಸ್ಸಾಗಲಿಲ್ಲವೆಂದು ಕಾಣುತ್ತದೆ. "ಇಲ್ಲ. ನಂಬುತ್ತಿರಲಿಲ್ಲ" ಎಂದರು. ಕೋಲನ್ನು ಗೋಡೆಗೆ ಒರಗಿಸಿ, ಜಗಲಿಯನ್ನು ಹಿಡಿದು ಕಷ್ಟಪಟ್ಟು ಹತ್ತಿ, ತಾತನ ಪಕ್ಕದಲ್ಲಿ ಕೂತರು. ಮಿಕ್ಕವರೂ ಒಬ್ಬೊಬ್ಬರಾಗಿ ಕೂತರು. ಒಬ್ಬಾಕೆ ಮಾತ್ರ ಕೂರಲಿಲ್ಲ. ಬೇಲಿಯ ಹತ್ತಿರ ನಿಂತಿದ್ದು ಹೊರಟುಹೋದಳು. ಅವಳ ಗಂಡ ಆ ಬೆಳಿಗ್ಗೆ ಸೇತುವೆಯ ಹತ್ತಿರ ವ್ಯಾನಿಗೆ ಅಡ್ಡ ನಿಂತು ಪೊಲೀಸರಿಂದ ಏಟು ತಿಂದವನೆಂದು ಆಮೇಲೆ ತಿಳಿಯಿತು. ಅವಳನ್ನು ಯಾರೂ ತಡೆಯಲಿಲ್ಲ.

ಅವ್ವ ಎಲೆ ಹಾಕಿದಳು. ನಾನು, ಅಮ್ಮ ಬಡಿಸಿದೆವು. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಮರುದಿನ ಒಂದಿಬ್ಬರು ಕುಲದವರು ಬಂದು ತಾತನಿಗೆ ಏನೋ ಹೇಳಲು ಹೊರಟಾಗ, ಅವ್ವ ಒಳಗಿನಿಂದ ಬಂದು, "ನಮ್ಮ ಮನೆ ಜಗಲಿ, ನಮ್ಮ ಅನ್ನ. ನಿಮ್ಗೇನು ಕಷ್ಟ?" ಎಂದಳಂತೆ. ಅವಳು ಹಾಗೆ ಗಂಡಸರ ನಡುವೆ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಬಂದವರು ಮಜ್ಜಿಗೆ ಕುಡಿದು ಹೋದರಂತೆ.

ಚೇರಿಯವರು ಬಂದ ದಿನ ಊಟದ ನಂತರ ಆ ಮುದುಕರು ಮೆಲ್ಲಗೆ ಎದ್ದು, ಕೈ ತೊಳೆದು, ತಾತನಿಗೆ ಹೇಳಿದ ಮಾತು ಎಲೆ ತೆಗೆಯುತ್ತಿದ್ದ ನನಗೂ ಕೇಳಿಸಿತು.

"ಪೊಂಗಲ್ ಕಳೆದ ಮೇಲೆ, ತೈ ತಿಂಗಳಲ್ಲಿ ನನ್ನ ಮೊಮ್ಮಗಳ ಮದುವೆ. ಇಬ್ಬರೂ ಬನ್ನಿ. ಮುಹೂರ್ತಕ್ಕೆ ಬಂದು ಹೋಗುವುದಲ್ಲ, ಹಿಂದಿನ ದಿನವೇ ಬರಬೇಕು."

"ಬರ್ತೀವಿ" ಎಂದಳು ಅವ್ವ, ತಾತ ಬಾಯಿ ತೆರೆಯುವ ಮುಂಚೆ.